ಕೇಳದೇ ಉಳಿದವಳು

ಶರ್ಟು ಹೊಲಿಯುವ ಆ ಕಾರ್ಖಾನೆಯಲ್ಲಿ ಮೂರನೇ ಲೈನಿನ ಸೂಪರ್‌ವೈಸರಮ್ಮನಿಗೆ ಬೆನ್ನ ಹಿಂದೆ 'ಗುಡುಗು' ಎಂದು ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಕರೆದು ಬದುಕುವುದುಂಟೇ? ಅವಳು ಮೊದಲು ತೋಳಿನ ತುದಿಯ ಕಫ್ ಪಟ್ಟಿ ಹೊಲಿಯುತ್ತಿದ್ದವಳು. ಕೈ ಚುರುಕು, ಹೊಲಿಗೆ ನೇರ. ಅದನ್ನು ನೋಡಿ ಮ್ಯಾನೇಜರು ಒಂದು ದಿನ, "ನಾಳೆಯಿಂದ ಈ ಲೈನ್ ನಿಂದು, ನೋಡ್ಕೋಮ್ಮ" ಎಂದು ಹೇಳಿ ಹೋದರು. ಹೇಗೆ ನೋಡಿಕೊಳ್ಳಬೇಕೆಂದು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಹಿಂದಿನ ಸೂಪರ್‌ವೈಸರು ತನ್ನನ್ನು ಹೇಗೆ ಬೈಯುತ್ತಿದ್ದನೋ ಹಾಗೆಯೇ ಇವಳೂ ಬೈಯತೊಡಗಿದಳು. ಬೈಯುವುದಕ್ಕೇನು ತರಬೇತಿ ಬೇಕೇ?

ಆ ಲೈನಿನಲ್ಲಿ ಒಂದು ರೂಢಿಯಿತ್ತು. ಯಾರು ಹೊಲಿದ ಪೀಸು ತಪಾಸಣೆಯ ಮೇಜಿನಿಂದ ವಾಪಸು ಬಂತೋ ಅವರು ಎದ್ದು ನಿಂತು, ಲೈನೆಲ್ಲ ನೋಡುವ ಹಾಗೆ ಅದನ್ನು ತಲೆಯ ಮೇಲೆ ಎತ್ತಿ ಹಿಡಿಯಬೇಕು. ಅಲ್ಲಿ ಕಾಲರ್ ಕೂರಿಸುತ್ತಿದ್ದವಳು ಗುಡುಗಿನ ಒಡಹುಟ್ಟಿದ ತಂಗಿ. ಅಮ್ಮ ಹೋದಾಗ ತಂಗಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ತಲೆ ಬಾಚಿ, ಜ್ವರ ಬಂದರೆ ಮಡಿಲಲ್ಲಿ ಹಾಕಿಕೊಂಡು ಸಾಕಿದವಳು ಅಕ್ಕನೇ. 'ತಂಗಿ ಅಂತ ಮುಚ್ಚಿಹಾಕ್ತಾಳೆ' ಎಂಬ ಮಾತು ಎಲ್ಲಿ ಬರುತ್ತದೋ ಎಂಬ ಭಯಕ್ಕೆ, ಬೇರೆಯವರನ್ನು ಒಂದು ಗಳಿಗೆ ನಿಲ್ಲಿಸಿದರೆ ತಂಗಿಯನ್ನು ಕೈ ಸೋಲುವ ತನಕ ನಿಲ್ಲಿಸುತ್ತಿದ್ದಳು. ಇತ್ತೀಚೆಗಂತೂ ತಂಗಿಯ ಕಾಲರುಗಳು ಸೊಟ್ಟಗಾಗಿ, ಅವಳು ದಿನಾ ನಿಲ್ಲುವಂತಾಗಿತ್ತು. ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಒಂದೇ ಮನೆಗೆ ಹೋಗುತ್ತಿದ್ದರು. ತಂಗಿ ಕಿಟಕಿಯಾಚೆ ನೋಡುತ್ತ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮುನಿಸು, ತಾನಾಗಿ ಇಳಿಯುತ್ತದೆ ಎಂದುಕೊಳ್ಳುತ್ತಿದ್ದಳು ಅಕ್ಕ.

ಕೆಲಸ ಬಿಟ್ಟು ಹೋಗುವವರು ಹೆಚ್ಚಾದಾಗ ಕಂಪನಿಯವರು ಸೂಪರ್‌ವೈಸರುಗಳಿಗೆ ಜನರಿಂದ ಕೆಲಸ ತೆಗೆಯುವುದನ್ನು ಕಲಿಸಲೆಂದು ಒಬ್ಬರು ಕೋಚ್ ಮೇಡಮ್ಮನನ್ನು ಕರೆಸಿದರು. "ಏನು ಕಲಿಸ್ತಾರಂತೆ, ಓಡೋದಾ, ಈಜೋದಾ?" ಎಂದು ಗುಡುಗು ಎಲ್ಲರನ್ನೂ ನಗಿಸಿದಳು. ಮೇಡಮ್ಮನಿಗೆ ವಯಸ್ಸಾಗಿತ್ತು, ಮಾತು ಕಡಿಮೆ. ದಾರದ ಉಂಡೆಗಳ ಕೋಣೆಯಲ್ಲಿ ಎದುರಿಗೆ ಕೂರಿಸಿಕೊಂಡು ಕೇಳಿದರು, "ಬೈದ್ರೆ ಹೊಲಿಗೆ ಸರಿಹೋಗುತ್ತಾ?"

"ಆವತ್ತು ಹೋಗುತ್ತೆ."

"ಮಾರನೇ ದಿನ?"

ಗುಡುಗು ಒಂದು ದಾರದ ಉಂಡೆಯನ್ನು ಕೈಗೆತ್ತಿಕೊಂಡು ತಿರುಗಿಸತೊಡಗಿದಳು.

"ಒಂದು ಕೆಲಸ ಮಾಡಿ. ಇನ್ಮೇಲೆ ಯಾರನ್ನೂ ನಿಲ್ಲಿಸ್ಬೇಡಿ. ಪಕ್ಕದಲ್ಲಿ ಕೂತ್ಕೊಂಡು, 'ಏನು ಕಷ್ಟ ಆಗ್ತಿದೆ' ಅಂತ ಕೇಳಿ. ಕೇಳಿದ್ಮೇಲೆ ಬಾಯಿ ಮುಚ್ಕೊಂಡಿರಿ. ಕಷ್ಟ ಇರೋದು ಅಲ್ಲೇ."

ನಿಜಕ್ಕೂ ಕಷ್ಟವೇ ಆಯಿತು. ಗುಂಡಿ ಹಾಕುವ ಹೆಂಗಸಿನ ಪಕ್ಕ ಕೂತು, ಕೇಳಿ, ನಾಲಿಗೆ ಕಚ್ಚಿಕೊಂಡು ಕಾದಳು. ಗುಡುಗು ಸುಮ್ಮನಿರುವುದನ್ನು ಹುಟ್ಟಿದಾರಭ್ಯ ನೋಡಿರದ ಲೈನಿನವರು ಹಲ್ಲುನೋವಿರಬೇಕೆಂದು ತೀರ್ಮಾನಿಸಿದರು. ಒಬ್ಬಳು ಲವಂಗವನ್ನೂ ತಂದುಕೊಟ್ಟಳು. ಕೊನೆಗೆ ಗುಂಡಿಯವಳು, "ಕುರ್ಚಿ ತಗ್ಗು ಅಕ್ಕಾ, ಭುಜ ಎಳೆಯುತ್ತೆ" ಎಂದಳು. ಕುರ್ಚಿ ಎತ್ತರಿಸಿದ್ದೇ ತಡ, ಗುಂಡಿಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತವು. ಹೀಗೇ ಒಬ್ಬೊಬ್ಬರ ಪಕ್ಕ ಕೂರುತ್ತ ಹೋದಳು. ಮೇಡಮ್ಮ ದೂರದಿಂದ ನೋಡಿ, ಆಮೇಲೆ ಕೋಣೆಯಲ್ಲಿ, ಎಲ್ಲಿ ತಡೆದುಕೊಳ್ಳಲಾಗದೆ ಬಾಯಿ ಹಾಕಿದಿರಿ ಎಂದು ಕೇಳುತ್ತಿದ್ದರು. ಬೈಯದೆಯೂ ಕೆಲಸ ನಡೆಯುತ್ತದೆಂದು ಗುಡುಗಿಗೆ ಆಗ ಗೊತ್ತಾಯಿತು. ಲೈನಿನಲ್ಲಿ ನಗು ಕೇಳಿಸಿತು. ಅವಳಿಗೇ ಎದೆ ಹಗುರಾಯಿತು.

ತಂಗಿಯನ್ನು ಮಾತ್ರ ಕೇಳಲಿಲ್ಲ. ನಿಲ್ಲಿಸುವುದನ್ನೇನೋ ಬಿಟ್ಟಳು, ಆದರೆ ಸೊಟ್ಟ ಕಾಲರನ್ನು ಮಾತಿಲ್ಲದೆ ಅವಳ ಮುಂದೆ ಎಸೆದು ಹೋಗುತ್ತಿದ್ದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು.

"ಇನ್ನೂ ಯಾರನ್ನ ಕೇಳಿಲ್ಲ?" ಎಂದರು ಮೇಡಮ್ಮ ಒಂದು ದಿನ.

"ಅವಳು ನನ್ನ ತಂಗಿ ಮೇಡಂ. ಅವಳ ಕಷ್ಟ ನಂಗೆ ಗೊತ್ತಿಲ್ವಾ?"

"ಗೊತ್ತಾ?"

ಮರುದಿನ ಹೋಗಿ ತಂಗಿಯ ಪಕ್ಕ ಕೂತಳು. ಕೇಳಿದಳು. ತಂಗಿ ಸೂಜಿಯಿಂದ ಕಣ್ಣು ತೆಗೆಯದೆ, "ತಲೆ ಮೇಲಿನ ಲೈಟ್ ಹೋಗಿದೆ" ಎಂದಳು.

"ಯಾವಾಗಿಂದ?"

"ಬೇಸಿಗೆಯಿಂದ. ಕಪ್ಪು ಬಟ್ಟೆ ಬಂದ್ರೆ ಹೊಲಿಗೆನೇ ಕಾಣಲ್ಲ. ಎಲೆಕ್ಟ್ರಿಷಿಯನ್‌ನ ಕೇಳ್ದೆ, ಸೂಪರ್‌ವೈಸರ್ ಹೇಳ್ಬೇಕು ಅಂದ."

"ನಂಗೆ ಯಾಕೇ ಹೇಳ್ಲಿಲ್ಲ?"

"ಹೇಳಿದ್ರೆ, 'ನೆಪ ಹೇಳ್ತೀಯಾ' ಅಂತ ನೀನು ಎಲ್ಲರೆದುರು ಬೈತಿದ್ದೆ."

ಅಕ್ಕ ತಲೆ ಎತ್ತಿ ನೋಡಿದಳು. ದಿನಕ್ಕೆ ಅದೆಷ್ಟು ಸಲ ಆ ಜಾಗ ಹಾದುಹೋಗುತ್ತಿದ್ದಳೋ. ಕಣ್ಣು ಮಾತ್ರ ಬಟ್ಟೆಯಿಂದ ಮೇಲೆ ಹೋಗಿರಲಿಲ್ಲ. ಆ ಗಳಿಗೆಯಲ್ಲೇ ಹೊಸ ಟ್ಯೂಬು ಹಾಕಿಸಿದಳು. ಮಧ್ಯಾಹ್ನದ ಮೇಲೆ ತಂಗಿಯ ಒಂದು ಕಾಲರೂ ವಾಪಸು ಬರಲಿಲ್ಲ. ಆ ನೇರ ಹೊಲಿಗೆಗಳ ಮೇಲೆ ಅಕ್ಕ ಮತ್ತೆ ಮತ್ತೆ ಬೆರಳಾಡಿಸಿದಳು.

ಬಸ್ಸಿನಲ್ಲಿ, "ಇನ್ಮೇಲೆ ಎಲ್ಲ ಸರಿಹೋಗುತ್ತೆ ಬಿಡು" ಎಂದಳು.

"ನಾನು ಬೇರೆ ಫ್ಯಾಕ್ಟರಿ ನೋಡ್ಕೊಂಡಿದೀನಿ ಅಕ್ಕ. ಅಲ್ಲೇ ರೂಮೂ ಆಗಿದೆ. ಭಾನುವಾರ ಹೋಗ್ತೀನಿ."

"ಕೆಲಸ ಬಿಡು, ಬೇಡ ಅನ್ನಲ್ಲ. ಮನೆ ಯಾಕೆ ಬಿಡ್ತೀಯ?"

ತಂಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಕ್ಕ ಹೇಗೋ ತಡೆದುಕೊಳ್ಳುತ್ತಿದ್ದಳು. "ಮನೇಲೂ ನೀನು ಹಿಂದಿಂದ ಬಂದ್ರೆ ಎದ್ದು ನಿಂತ್ಕೊಂಡ್ಬಿಡ್ತೀನಿ. ತಟ್ಟೆ ತೊಳೀತಿದ್ರೂ ಕೈ ತಾನಾಗಿ ತಲೆ ಮೇಲೆ ಹೋಗುತ್ತೆ. ನೀನು ನೋಡಿಲ್ಲ."

ಭಾನುವಾರ ಅವಳು ಹೋದಳು. ಅಕ್ಕ ಬೇಡಿಕೊಂಡಳು, ಅತ್ತಳು. ತಂಗಿಯೂ ಅತ್ತಳು. ಆದರೂ ಹೋದಳು.

ಸೋಮವಾರ ದಾರದ ಕೋಣೆಯಲ್ಲಿ ಮೇಡಮ್ಮ, "ನಿಮ್ಮ ಲೈನೇ ಈಗ ಎಲ್ಲಕ್ಕಿಂತ ಚೆನ್ನಾಗಿದೆ ಅಂತಿದಾರೆ ಮ್ಯಾನೇಜರು" ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತಾಗಿತ್ತು ಗುಡುಗಿನ ಬಾಳು. ಅವಳು ಕೇಳಿದಳು, "ಈ ಕೆಲಸ ನನ್ನ ಕೈಗೆ ಕೊಟ್ಟ ದಿನಾನೇ ಯಾಕೆ ನಿಮ್ಮನ್ನ ಕರೆಸಲಿಲ್ಲ ಮೇಡಂ? ಇಷ್ಟು ಸಣ್ಣ ಮಾತು. ಆವತ್ತೇ ಯಾರಾದ್ರೂ ಹೇಳ್ಕೊಟ್ಟಿದ್ರೆ ಅವಳು ಮನೇಲಿ ಇರ್ತಿದ್ಳು."

ಮೇಡಮ್ಮ ಅವಳ ಕೈಯನ್ನು ಹಿಡಿದುಕೊಂಡು ಕೂತರು.

ಗಂಟೆ ಬಾರಿಸಿದಾಗ ಮುಖ ಒರೆಸಿಕೊಂಡು ಹೊರಗೆ ಬಂದಳು. ಕಾಲರಿನ ಮೆಷಿನ್ನಿಗೆ ಹೊಸಬಳೊಬ್ಬಳು ಬಂದಿದ್ದಳು. ಅವಳ ಮೊದಲ ಪೀಸು ಆಗಲೇ ವಾಪಸು ಬಂದಿತ್ತು. ಗುಡುಗು ಪಕ್ಕದಲ್ಲಿ ಕೂತು, "ಏನಮ್ಮ ಕಷ್ಟ ಆಗ್ತಿದೆ?" ಎಂದಳು. ಆ ಹುಡುಗಿ ಒಂದು ಚೂರೂ ಹೆದರದೆ, ದಾರ ಬಿಗಿಯಾಗುವುದರಿಂದ ಹಿಡಿದು ಪೆಡಲ್ ಎಟುಕದಿರುವ ತನಕ ಗಳಗಳನೆ ಹೇಳಿಕೊಂಡಳು. ಗುಡುಗು ನಡುವೆ ಬಾಯಿ ಹಾಕದೆ ಎಲ್ಲ ಕೇಳಿಸಿಕೊಂಡಳು. "ನೀವ್ಯಾಕಕ್ಕಾ ಅಳ್ತಿದೀರಾ?" ಎಂದು ಹುಡುಗಿ ಗಾಬರಿಯಿಂದ ಕೇಳಿದಳು.