ಗೋಡೆಯ ಕುದುರೆ

ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನಾನು ಲೋಕಸಭೆಗೆ ಪಕ್ಷೇತರನಾಗಿ ನಿಂತೆ. ಕುದುರೆ ಗುರುತು ಸಿಕ್ಕಿತು. ನನಗೆ ಜೀಪಿರಲಿಲ್ಲ, ಕರಪತ್ರವಿರಲಿಲ್ಲ. ಸಂಶಿಯ ಬಸ್‌ಸ್ಟ್ಯಾಂಡಿನೆದುರು ಸೋದರತ್ತೆ ಮೈಲಾರವ್ವನ ಮನೆಗೋಡೆಯೊಂದಿತ್ತು. ಅದರ ತುಂಬ ಕುದುರೆ ಬರೆದೆ. ಅದೂ ಅಳಿಸಿಹೋಗಿದ್ದರೆ ನಾನು ನಿಂತದ್ದೇ ಯಾರಿಗೂ ತಿಳಿಯುತ್ತಿರಲಿಲ್ಲ.

ಮರುದಿನವೇ ಎದುರಾಳಿ ಗೌಡರ ಮೈಕು ಕಟ್ಟಿದ ಜೀಪು ಬಂತು. ಅವರ ಬಂಟ ಶಿದ್ಲಿಂಗಪ್ಪ ನಾಲ್ವರ ಜೊತೆ ಸುಣ್ಣದ ಬಕೀಟು ಹಿಡಿದು ಇಳಿದ.

"ಇದೇನಲೇ, ಕುದರಿನೋ ಕತ್ತಿನೋ? ಸರಿ ಬಾಜೂಕ!"

ನಾನು ಅವನ ಕೊರಳಪಟ್ಟಿಗೆ ಕೈ ಹಾಕಿದೆ. ಅಷ್ಟರಲ್ಲಿ ಅತ್ತೆ ಹೊರಬಂದು ಕುದುರೆಯ ಮೇಲೆ ದೇವರ ಜಗುಲಿಯ ಹಿಡಿ ಅರಿಸಿನ-ಭಂಡಾರ ಎರಚಿದಳು.

"ಮೈಲಾರಲಿಂಗನ ಕುದರಿ ಐತಿದು. ಈಗ ಸುಣ್ಣಾ ಬಳೀರಿ, ನೋಡೂಣು!"

ಶಿದ್ಲಿಂಗಪ್ಪ ಬಕೀಟು ಕೆಳಗಿಟ್ಟು ಚಪ್ಪಲಿ ಬಿಟ್ಟ.

"ಅತ್ತಿ, ನಾ ಬರದದ್ದು ವೋಟಿಗೆ, ಪೂಜಿಗಲ್ಲ!" ಎಂದು ಸಿಡಿದೆ.

"ಸುಮ್ನಿರೋ ಹುಚ್ಚಪ್ಯಾಲಿ. ಗ್ವಾಡಿ ಉಳೀತಿಲ್ಲೋ?"

ಉಳಿದಿತ್ತು! ಐವರೂ ಕಣ್ಣುಮುಚ್ಚಿ ಕೈಮುಗಿದಿದ್ದರು. ನಾನು ಅವರ ಜೀಪು ಹತ್ತಿ, ಅವರದೇ ಮೈಕು ಹಿಡಿದು ಬಸ್ಸಿಗೆ ನಿಂತ ಮಂದಿಗೆಲ್ಲ ಕೇಳುವಂತೆ ಕೂಗಿದೆ:

"ಕುದರಿಗೆ ಕೈಮುಗದ್ರ ಸಾಲೂದಿಲ್ರೆಪಾ, ವೋಟಿನ ಶಿಕ್ಕಾನೂ ಹೊಡೀರಿ!"

"ಹೊಡೀತೀವ್ರಿ!" ಎಂದು ಎಲ್ಲರಿಗಿಂತ ಮೊದಲು ಕೂಗಿದವನು ಗೌಡರ ಡ್ರೈವರ್.