ಬೇವು ಕಟ್ಟಿದ ತಂತಿ

ಬೇವಿನ ಸೊಪ್ಪಿನ ಕಟ್ಟುಗಳನ್ನು ತಂತಿಗೆ ಬಿಗಿಯುವಾಗ ಶಂಕರಮ್ಮನ ಬೆರಳುಗಳು ಮಾತು ಕೇಳುತ್ತಿರಲಿಲ್ಲ. ಒಂದು ಗಂಟು ಹಾಕುವಷ್ಟರಲ್ಲಿ ಎರಡು ಸಲ ಸೂಳೆಕೆರೆಯ ಏರಿಯತ್ತ ಕಣ್ಣು ಹೋಗುತ್ತಿತ್ತು. ಅಲ್ಲಿ ಸೌದೆ ತುಂಬಿದ ಗಾಡಿಯೊಂದು ನಿಧಾನವಾಗಿ ಸಾಗುತ್ತಿತ್ತು, ಅಷ್ಟೆ.

"ಸಾಕು ಬಿಡಕ್ಕ," ಎಂದ ತಮ್ಮ ಮುರುಗೇಶಪ್ಪ. "ಸೊಪ್ಪು ಜಾಸ್ತಿ ಆದ್ರೆ ತಂತಿಯಾಗಿನ ಶಕ್ತಿ ಸೋರಿ ಹೋಗ್ತೈತೆ."

"ಸೋರ್ಲಿ. ನೀನು ಜೈಲಿಗೆ ಹೋಗೋದಕ್ಕಿಂತ ಅದು ಸೋರೋದೇ ವಾಸಿ."

ಅದು ನಲವತ್ತೆರಡನೇ ಇಸವಿಯ ಮಳೆಗಾಲದ ಕೊನೆ. ಮೈಸೂರಿನಲ್ಲಿ ಓದುವಾಗ ಮುರುಗೇಶಪ್ಪನಿಗೆ ರೇಡಿಯೋದ ಹುಚ್ಚು ಹತ್ತಿತ್ತು. ಹಾಡು ಕೇಳುವ ರೇಡಿಯೋ ಅಲ್ಲ. ಮನೆಯಲ್ಲಿ ಕುಳಿತೇ ಮುಖ ನೋಡದ ಯಾರೊಂದಿಗೋ ಕಟ್ಟ ಕಡ ಎಂದು ಕೀಲಿ ಒತ್ತಿ, ತಾರಿನ ಸಂಕೇತದಲ್ಲಿ ಮಾತಾಡುವ ರೇಡಿಯೋ. ಅದಕ್ಕೆ ಸರ್ಕಾರದ ಪರವಾನಗಿಯೂ ಇತ್ತು. ಯುದ್ಧ ಬಂದಾಗ ಪರವಾನಗಿ ರದ್ದಾಯಿತು, ಪೆಟ್ಟಿಗೆ ಒಪ್ಪಿಸಬೇಕೆಂದು ಹುಕುಂ ಬಂತು. ಅದನ್ನು ಒಪ್ಪಿಸಿ, ಹೆಣ ಮಣ್ಣು ಮಾಡಿ ಬಂದವನಂತೆ ಅವನು ಎರಡು ದಿನ ಊಟ ಬಿಟ್ಟಿದ್ದ. ಆಮೇಲೆ ಹುಲ್ಲಿನ ಅಟ್ಟದ ಮೇಲೆ ಕದ್ದು ಕೂತು ಹೊಸದೊಂದನ್ನು ಕಟ್ಟಿದ. ಕಳಿಸುವುದೂ ಕೇಳುವುದೂ ಒಂದೇ ಪೆಟ್ಟಿಗೆಯಲ್ಲಿ. ಚಲೇಜಾವ್ ಚಳವಳಿಗೆ ಹೆದರಿ ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟಿದ್ದ ಕಾಲ. ಯಾವ ಊರಿನಲ್ಲಿ ಯಾರನ್ನು ಹಿಡಿದರು ಎಂಬ ಸುದ್ದಿ ಈ ಪೆಟ್ಟಿಗೆಯಿಂದ ಊರೂರಿಗೆ ಹೋಗಬೇಕು ಎಂಬುದು ಅವನ ಮತ್ತು ಜಗಳೂರಿನ ಗೆಳೆಯ ರಂಗಣ್ಣನ ಆಸೆ. ಪೆಟ್ಟಿಗೆ ಮಾತಾಡುತ್ತದೋ ಇಲ್ಲವೋ ಎಂದು ತಿಳಿಯಲು ಬಯಲು ಬೇಕಿತ್ತು, ಉದ್ದದ ತಂತಿ ಬೇಕಿತ್ತು. ಸಿಕ್ಕಿಬಿದ್ದರೆ ಎಷ್ಟು ವರ್ಷವೋ ಯಾರಿಗೆ ಗೊತ್ತು. ಅವ್ವ ಸಾಯುವಾಗ ಇವನ ಕೈಯನ್ನು ಶಂಕರಮ್ಮನ ಕೈಯಲ್ಲಿ ಇಟ್ಟು ಹೋಗಿದ್ದಳು.

ಬೇವಿನ ಯೋಚನೆ ಅವಳದೇ. ಸುತ್ತಲ ಹಳ್ಳಿಗಳಲ್ಲಿ ವಾಂತಿಭೇದಿ ಎದ್ದಿತ್ತು. ರೋಗ ಒಳಗೆ ಬರದಿರಲೆಂದು ಜನ ದಾರಕ್ಕೆ ಬೇವು ಕಟ್ಟಿ ಊರ ಗಡಿಯಲ್ಲಿ ಬಿಗಿಯುತ್ತಿದ್ದರು. ಊರು ಕಟ್ಟುವುದು ಎಂದರೆ ಅದೇ. ಕಟ್ಟಿದ ದಾರವನ್ನು ಯಾರೂ ದಾಟುವುದಿಲ್ಲ, ಯಾರು ಕಟ್ಟಿದರೆಂದು ಕೇಳುವುದೂ ಇಲ್ಲ. ಗುಡ್ಡದ ಮೇಲಿನ ಮಾರಮ್ಮನ ಗುಡಿಯ ಮುಂದೆ ಎರಡು ಹುಣಸೆ ಮರಗಳ ನಡುವೆ ತಾಮ್ರದ ತಂತಿ ಅಂಥದೇ ದಾರದಂತೆ ಜೋಲು ಬಿದ್ದಿತ್ತು. ಅದರ ಒಂದು ಕೊನೆ ಗುಡಿಯ ಹಿಂದೆ ಇಟ್ಟ ಪೆಟ್ಟಿಗೆಗೆ ಇಳಿದಿತ್ತು.

"ನಾನು ಕೀಲಿ ಒತ್ತುವಾಗ ತಂತಿ ಮುಟ್ಟಬ್ಯಾಡ, ಚುರುಕ್ ಅಂತೈತೆ," ಎಂದು ಹೇಳಿ ಮುರುಗೇಶಪ್ಪ ಗುಡಿಯ ಹಿಂದೆ ಮರೆಯಾದ.

ಗುಡಿಯ ಹಿಂದಿನಿಂದ ಸಣ್ಣ ಟಿಕಟಿಕ ಶುರುವಾಯಿತು. ಗೋಡೆಯ ಹಲ್ಲಿಯೂ ಅದಕ್ಕಿಂತ ಜೋರಾಗಿ ಲೊಚಗುಟ್ಟುತ್ತದೆ. ಆದರೆ ಶಂಕರಮ್ಮನಿಗೆ ಅದು ಬಸವಾಪಟ್ಟಣದವರೆಗೂ ಕೇಳಿಸುತ್ತಿರುವಂತೆ ಅನಿಸಿತು. ಆಗಲೇ ಕೆಳಗಿನ ರಸ್ತೆಯಲ್ಲಿ ಮೋಟಾರೊಂದು ಬಂದು ನಿಂತಿತು. ಅದರಿಂದಿಳಿದ ಖಾಕಿ ಬಟ್ಟೆಯವನೊಬ್ಬ ಗುಡ್ಡ ಹತ್ತತೊಡಗಿದ.

ಓಡಿದರೆ ಅನುಮಾನ. ಕೂಗಿದರೆ ಇನ್ನೂ ಕೆಟ್ಟದ್ದು. ಅವಳು ನಿಂತಲ್ಲೇ ನಿಂತಳು. ಅವನು ಹತ್ತಿರ ಬಂದಾಗ ಗುರುತು ಸಿಕ್ಕಿತು: ಠಾಣೆಯ ದಫೇದಾರ ಗಾದ್ರಪ್ಪ, ಜಗಳೂರು ಕಡೆಯವನು.

"ಏನಕ್ಕಾರೆ, ಒಬ್ರೇ?"

"ಊರು ಕಟ್ಟೀವಿ, ಅಣ್ಣಾರೆ. ದೀಪ ಹಚ್ಚಾಕೆ ಬಂದಿದ್ದೆ." ಎಣ್ಣೆ ಬತ್ತಿ ಏನೂ ಇಲ್ಲದ ಕೈಗಳನ್ನು ಅವಳು ಸೆರಗಿನೊಳಗೆ ಎಳೆದುಕೊಂಡಳು.

"ನಿಮ್ಮ ತಮ್ಮ ಎಲ್ಲಿ? ಕೆಳಗೆ ಇನ್‌ಸ್ಪೆಕ್ಟರ್ ಸಾಹೇಬ್ರು ಅದಾರೆ. ಅವನ ಹಳೇ ಪರವಾನಗಿ ನೋಡಿ ಹುಡುಕ್ತಾ ಬಂದಾರೆ."

"ಹೊನ್ನಾಳಿಗೆ ಹೋಗ್ಯಾನೆ, ಎತ್ತು ನೋಡಾಕೆ."

ಟಿಕಟಿಕ ನಿಲ್ಲಲಿಲ್ಲ. ಕಿವಿಗೆ ಹೆಡ್‌ಫೋನ್ ಬಿಗಿದುಕೊಂಡವನಿಗೆ ಹೊರಗಿನ ಮಾತು ಹೇಗೆ ಕೇಳೀತು? ಗಾದ್ರಪ್ಪ ತಂತಿಯ ಹತ್ತಿರ ಬಂದು ಒಂದು ಬೇವಿನ ಕಟ್ಟಿಗೆ ಕೈ ಚಾಚಿದ.

"ಮುಟ್ಟಬ್ಯಾಡ್ರಿ," ಎನ್ನುವಷ್ಟರಲ್ಲಿ ಬೆರಳು ತಂತಿಗೆ ತಾಗಿಯಾಗಿತ್ತು. ಅವನು ಇರುವೆ ಕಚ್ಚಿದವನಂತೆ ಕೈ ಎಳೆದುಕೊಂಡ. ಬೆರಳಿನ ತುದಿ ನೋಡಿದ. ಆಮೇಲೆ ಅವನ ಕಣ್ಣು ತಂತಿಯ ಗುಂಟ ಹೋಗಿ, ಗುಡಿಯ ಮೂಲೆಯಲ್ಲಿ ಅದು ಇಳಿದ ಕಡೆ ನಿಂತಿತು.

"ಮಾರಮ್ಮ ಬಲು ಜೋರದಾಳೆ," ಎಂದ ಗಾದ್ರಪ್ಪ ಮೆಲ್ಲಗೆ.

ಟಿಕಟಿಕ ನಿಲ್ಲುವುದನ್ನು ಕಾದು, ಅವನು ಒಂದು ಕಟ್ಟನ್ನು ಬಿಚ್ಚಿ ತಿರುಗಿಸಿ ಕಟ್ಟಿದ. "ನಮ್ಮವ್ವ ಊರು ಕಟ್ಟೋಳು, ಅಕ್ಕಾರೆ. ಸೊಪ್ಪಿನ ತುದಿ ನೆಲ ನೋಡಬೇಕು. ನೀವು ತುದಿ ಮ್ಯಾಲೆ ಮಾಡಿ ಕಟ್ಟೀರಿ, ಮದುವೆ ಚಪ್ಪರಕ್ಕೆ ಕಟ್ಟಿದಂಗೆ. ತಿಳಿದವ್ರು ಕಂಡ್ರೆ ನಗ್ತಾರೆ. ನಗದೆ ಅನುಮಾನ ಪಟ್ರೆ ಇನ್ನೂ ಕಷ್ಟ."

ಅವನು ಮತ್ತೊಂದು ಕಟ್ಟನ್ನು ತಿರುಗಿಸಿದ. ಅವಳೂ ಒಂದನ್ನು ಬಿಚ್ಚಿದಳು.

"ಕಟ್ಟಿದ್ದನ್ನ ಮಂಗಳವಾರ ಕಳೆಯೋತನಕ ಬಿಚ್ಚಬಾರದು. ಇವತ್ತೇ ಬಿಚ್ಚಿದ್ರೆ ಜನ ಯಾಕೆ ಅಂತಾರೆ."

ಕೆಳಗಿನಿಂದ ಇನ್‌ಸ್ಪೆಕ್ಟರರು ಕೂಗಿ ಏನೋ ಕೇಳಿದರು. ಗಾದ್ರಪ್ಪ ಅಂಗೈ ಬಾಯಿಗೆ ಹಿಡಿದು ಹೇಳಿದ: "ವಾಂತಿಭೇದಿ ಸಾಹೇಬ್ರೆ. ಊರು ಕಟ್ಯಾರೆ. ದಾಟಬಾರದು." ಮೋಟಾರಿನ ಬಾಗಿಲು ಮುಚ್ಚಿದ ಸದ್ದು ಬೇಗನೆ ಕೇಳಿಸಿತು. ಅವನು ತಿರುಗಿ ನೋಡದೆ ಇಳಿದು ಹೋದ.

ಮುರುಗೇಶಪ್ಪ ನಗುತ್ತ ಹೊರಬಂದ. "ರಂಗಣ್ಣ ಕೇಳಿಸ್ಕೊಂಡ, ಅಕ್ಕ. ಜಗಳೂರಿಂದ ಜವಾಬು ಬಂತು." ಅವಳ ಮುಖ ನೋಡಿ ನಗು ನಿಲ್ಲಿಸಿದ. ಎಲ್ಲ ಕೇಳಿದ ಮೇಲೆ ಪೆಟ್ಟಿಗೆಯನ್ನು ಸೌದೆ ಹೊರೆಯೊಳಗೆ ಇಟ್ಟು ಕಟ್ಟಿದರು. ತಂತಿ ಅಲ್ಲೇ ಉಳಿಯಿತು. ಗುಡಿಯ ಮುಂದೆ ಎಲ್ಲರ ಕಣ್ಣಿಗೂ ಬೀಳುವಂತೆ ಹೊಳೆಯುತ್ತಿದ್ದ ಆ ತಾಮ್ರವನ್ನು ನೆನೆದು ಶಂಕರಮ್ಮ ಮಂಗಳವಾರದವರೆಗೆ ಸರಿಯಾಗಿ ಮಲಗಲಿಲ್ಲ.

ಬುಧವಾರ ಬೆಳಗ್ಗೆ ಬಿಚ್ಚಲೆಂದು ಗುಡ್ಡ ಹತ್ತಿದರೆ ತಾಮ್ರವೇ ಕಾಣಲಿಲ್ಲ. ಹಳ್ಳಿಯ ಹೆಂಗಸರು ತಂತಿಯುದ್ದಕ್ಕೂ ಅರಿಶಿನದ ನೂಲು ಸುತ್ತಿ, ಹೊಸ ಬೇವು ಕಟ್ಟಿ, ಹುಣಸೆ ಬುಡಕ್ಕೆ ಕುಂಕುಮ ಹಚ್ಚಿದ್ದರು. ಕೆಂಪಕ್ಕನೆಂಬ ಮುದುಕಿ ಇನ್ನೂ ಅಲ್ಲೇ ಕೂತಿದ್ದಳು.

"ನೀನೇ ಕಟ್ಟಿದೀಯಂತೆ. ದಫೇದಾರ ಹೇಳ್ದ. ರೋಗ ಹೋಗೋತನಕ ಇದನ್ನ ಬಿಚ್ಚಾಕೆ ಬಿಡಲ್ಲ ನಾವು," ಎಂದು ಅವಳು ಶಂಕರಮ್ಮನ ಕೈಗೆ ಒಂದು ಚೂರು ಬೆಲ್ಲವಿಟ್ಟಳು.

ತಂತಿ ಕತ್ತರಿಸಲು ತಂದಿದ್ದ ಕತ್ತರಿಯನ್ನು ಶಂಕರಮ್ಮ ಸೆರಗಿನಲ್ಲಿ ಮುಚ್ಚಿಕೊಂಡಳು. ತಂತಿ ಇಲ್ಲೇ ಇದ್ದರೆ ತಮ್ಮ ಪೆಟ್ಟಿಗೆ ಹೊತ್ತು ಮತ್ತೆ ಬರುತ್ತಾನೆ. ಇವತ್ತು ಸಂಜೆಯೇ ಬರುತ್ತಾನೆ. ಗುಡಿಯ ಕಡೆ ತಿರುಗಿ ಕೈ ಮುಗಿಯುವಾಗ ಬೆಲ್ಲ ಅಂಗೈಗೆ ಅಂಟುತ್ತಿತ್ತು. ತುದಿ ಮೇಲಾಗಿ ತಾನು ಕಟ್ಟಿದ ಕಟ್ಟು ಇನ್ನೂ ಒಂದಾದರೂ ಉಳಿದಿದೆಯೇ ಎಂದು ಅವಳ ಕಣ್ಣು ತಂತಿಯ ಮೇಲೇ ಇತ್ತು.