ಸುಣ್ಣದ ಗೆರೆ

ಕಾರಟಗಿಯಿಂದ ಪ್ರತಿ ಭಾನುವಾರ ಒಬ್ಬನೇ ಬರುತ್ತಿದ್ದ ಗೋವಿಂದರಾಜನ ಮೇಲೆ ನನಗೆ ಮೊದಲ ದಿನವೇ ಸಂಶಯ ಹುಟ್ಟಿತು. ನಾನು ಮುದುಕಪ್ಪ, ಗಂಗಾವತಿ ಕಡೆಯ ಗುಡ್ಡದಲ್ಲಿ ನಲವತ್ತು ವರ್ಷ ಕುರಿ ಕಾದವನು. ಈಗ ಪೇಟೆಯವರಿಗೆ ಹಕ್ಕಿ ತೋರಿಸುತ್ತೇನೆ. ಟಿಟ್ಟಿಭ ಕೆರೆಯಂಗಳದಲ್ಲಿ ಮೊಟ್ಟೆಯಿಟ್ಟರೆ ಮಳೆ ತಡ ಎಂಬಂಥ ನಮ್ಮ ಹಿರಿಯರ ತಿಳಿವಳಿಕೆಯನ್ನೆಲ್ಲ ಹೇಳುತ್ತೇನೆ. ಕೊನೆಗೆ ಊರ ಬಸ್ ನಿಲ್ದಾಣದ ಗೋಡೆಯ ಮೇಲೆ ಕೊಪ್ಪಳದ ಡ್ರಾಯಿಂಗ್ ಟೀಚರ್ ಕವಿತಾ ಬರೆದ ಹಕ್ಕಿಗಳನ್ನು ತೋರಿಸಿ ಕಳಿಸುತ್ತೇನೆ.

ಎಲ್ಲರೂ ಹಕ್ಕಿ ನೋಡಿದರೆ ಈ ಪುಣ್ಯಾತ್ಮ ಬಂಡೆಗಳ ಸಂದು ನೋಡುತ್ತಿದ್ದ. “ಗೂಗಿ ಎಷ್ಟೊತ್ತಿಗೆ ಹೊರಗ ಬರ್ತೈತ್ರಿ?” ಎಂದು ಗೂಬೆಯ ಬಗ್ಗೆಯೇ ಕೇಳುತ್ತಿದ್ದ. ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ನಿಧಿಯ ಆಸೆಯವರು ಅಮಾವಾಸ್ಯೆಗೆ ಗೂಬೆ ಬಲಿ ಕೊಡುತ್ತಾರೆ. ನಮ್ಮ ಗುಡ್ಡದಲ್ಲಿ ಉಳಿದದ್ದು ಒಂದೇ ಜೋಡಿ, ಅದೂ ಮೊಟ್ಟೆಯಿಟ್ಟಿತ್ತು. ಆ ಜಾಗ ನನಗೊಬ್ಬನಿಗೇ ಗೊತ್ತು. ಹಾಗಾಗಿ ಗುಂಪನ್ನು ಸುತ್ತುದಾರಿಯಲ್ಲಿ ಕರೆದೊಯ್ದು, ಗೌಜಲಕ್ಕಿ ತೋರಿಸಿ ಸಾಗಹಾಕುತ್ತಿದ್ದೆ.

ಅಮಾವಾಸ್ಯೆಗೆ ನಾಲ್ಕು ದಿನವಿರುವಾಗ ಅವನನ್ನು ಗೋಡೆಯ ಹತ್ತಿರ ತಡೆದು ಕೇಳಿಯೇಬಿಟ್ಟೆ. “ಯಾರು ಕಳಿಸ್ಯಾರ ನಿನ್ನ? ಗೂಗಿ ಜಾಗ ಯಾಕ ಬೇಕು?”

“ಜಾಗದ ಗುರ್ತು ನೀವ ಬರಿಸೀರಲ್ರಿ,” ಎಂದು ಅವನು ಗೋಡೆಯ ಮೇಲಿನ ಗೂಬೆಯ ಚಿತ್ರಕ್ಕೆ ಕೈ ಮಾಡಿದ. “ಸೀಳಿದ ಕಲ್ಲು, ಕೆಳಗ ಹಿಕ್ಕಿ ಇಳದ ಬಿಳಿ ಗೆರಿ. ಗೆರಿ ಹುಡುಕಿದ್ರ ಗೂಗಿ ಸಿಕ್ಕಂಗ. ನಮ್ಮ ಅಕ್ಕಿ ಗಿರಣ್ಯಾಗ ಇಲಿ ಹಿಡಿಯೋ ಗೂಗಿ ಇತ್ರಿ. ಹೋದ ವರ್ಷ ಅಮಾಸಿಗೆ ಹಿಡಕೊಂಡು ಹೋದ್ರು. ಇದಕ್ಕೂ ಹಂಗ ಆಗಬಾರದಂತ ಕಾಯಾಕ ಬರ್ತೀನಿ.”

ಟೀಚರು ಮೊದಲು ಗೂಬೆಯನ್ನು ಬೇವಿನ ಕೊಂಬೆಯ ಮೇಲೆ ಕೂರಿಸಿದ್ದರು. “ಅಕ್ಕೋರ, ನಮ್ಮ ಗೂಗಿ ಗಿಡದಾಗ ಇರಂಗಿಲ್ರಿ. ಕಲ್ಲು ಬರೀರಿ, ಬಿಳಿ ಗೆರಿ ಬರೀರಿ” ಎಂದು ದೊಡ್ಡ ಪಂಡಿತನಂತೆ ಅಳಿಸಿ ಬರೆಸಿದವನು ನಾನೇ. ಕಂಡವರ ಮೇಲೆಲ್ಲ ಕಣ್ಣಿಟ್ಟ ನನಗೆ ನನ್ನ ಜಂಬ ಕಾಣಿಸಲೇ ಇಲ್ಲ.

ಈಗ ಗೋಡೆ ಅಳಿಸಿ ಫಲವಿರಲಿಲ್ಲ, ಅದರ ಫೋಟೊ ಎಲ್ಲರ ಮೊಬೈಲಿನಲ್ಲೂ ಇತ್ತು. ಮನೆಗೆ ಹೋಗಿ ಸುಣ್ಣ ಕಲಸಿದೆ. ಮೂರು ದಿನ ಗುಡ್ಡ ಹತ್ತಿ, ಸೀಳಿದ್ದ, ಆದರೆ ಗೂಬೆಯಿಲ್ಲದ ಹನ್ನೊಂದು ಬಂಡೆಗಳಿಗೆ ಅಂಥದೇ ಗೆರೆ ಎಳೆದೆ. ಜನ್ಮದಲ್ಲಿ ನಾನು ಬರೆದ ಚಿತ್ರ ಅದೊಂದೇ.

ಅಮಾವಾಸ್ಯೆಯ ಮರುದಿನ ಆ ಪೈಕಿ ಎರಡು ಬಂಡೆಗಳ ಬುಡದಲ್ಲಿ ಬೀಡಿ ತುಂಡು, ಹರಿದ ಬಲೆ ಬಿದ್ದಿದ್ದವು. ನಮ್ಮ ಗೂಬೆ ಮೊಟ್ಟೆಯ ಮೇಲೆ ಕೂತೇ ಇತ್ತು. ನಾನು ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟೆ.

ಭಾನುವಾರ ಗೋವಿಂದರಾಜ ಬಂದ. ಉಳಿದವರೆಲ್ಲ ಹೋದ ಮೇಲೆ ಕೇಳಿದ. “ಉಳದಾವೇನ್ರಿ ಯಜಮಾನ್ರ? ಒಮ್ಮೆ ಜಾಗ ತೋರಸ್ರಿ.”

ಆ ಬೀಡಿ ಇವನದೇ ಆಗಿದ್ದರೆ? ಸುಣ್ಣ ಬಳಿದ ಬಂಡೆಯೊಂದರ ಹತ್ತಿರ ಕರೆದೊಯ್ದು “ಇದ ನೋಡು” ಎಂದೆ.

ಅವನು ಗೆರೆಯನ್ನು ಮುಟ್ಟಿದ. ಬೆರಳಿಗೆ ಸುಣ್ಣ ಹತ್ತಿತು. ಬೆರಳು ನೋಡಿದ, ನನ್ನನ್ನು ನೋಡಿದ. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ.

“ಹಂಗಾದ್ರ ಉಳದಾವ,” ಎಂದು ಅವನು ಬೆರಳನ್ನು ಅಂಗಿಗೆ ಒರೆಸಿಕೊಂಡ. “ನನಗೂ ಹೇಳಬ್ಯಾಡ್ರಿ.”

ಗೂಬೆಯ ನಿಜವಾದ ಜಾಗ ನಾಲಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ.